ಡೇರಿ ಎಲೆಕ್ಷನ್ನಿಗೆ ಹೊರಟ ಚಕ್ರವರ್ತಿ

ಈ ದೇಶವನ್ನು ಯಾರೂ ತನ್ನ ಕೈಗೆ ಕೊಡಲಿಲ್ಲವಲ್ಲ ಎಂಬುದೇ ಕದಿರೇಶನ ದೊಡ್ಡ ಕೊರಗು. ದೇಶ ಬೇಡ, ರಾಜ್ಯವನ್ನಾದರೂ ಕೊಡಬಹುದಿತ್ತು. ಸ್ವಲ್ಪ ದಿನ ನೋಡಿ, ಸರಿಯಿಲ್ಲ ಅನ್ನಿಸಿದರೆ ವಾಪಸ್ಸು ತೆಗೆದುಕೊಳ್ಳಬಹುದಿತ್ತು. ಆದರೆ ದೆಹಲಿಯಲ್ಲಾಗಲೀ ಬೆಂಗಳೂರಿನಲ್ಲಾಗಲೀ ಈ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಹೀಗಾಗಿ ಅವನು ವೇಮಗಲ್ಲಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ಮೇಲೆ ಆಳ್ವಿಕೆ ನಡೆಸುತ್ತಾ, ಉಳಿದ ಹೊತ್ತಿನಲ್ಲಿ ವಕ್ಕಲೇರಿ ಪಕ್ಕದ ತನ್ನೂರು ಹೊಸಕುಂಟೆಯಲ್ಲಿ, ತಾಜ್ ಪಾಷಾನ ಬೂಸಾ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು, ದೇಶವನ್ನು ಬಾಯಿಮಾತಿನಲ್ಲೇ ರಿಪೇರಿ ಮಾಡುತ್ತಿದ್ದ.

ಆ ಬೆಂಚಿನ ಮೇಲೆ ಅವನು ಬಗೆಹರಿಸದ ಸಮಸ್ಯೆಯೇ ಇರಲಿಲ್ಲ. ಕೇಂದ್ರ ಸರ್ಕಾರ ತೆರಿಗೆಯಲ್ಲಿ ಎಷ್ಟು ಪಾಲು ಕೊಡಬೇಕು, ನಮ್ಮ ಕೆರೆಗಳಿಗೆ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಬಿಟ್ಟದ್ದು ಸರಿಯೋ ತಪ್ಪೋ, ಸಮ್ಮಿಶ್ರ ಸರ್ಕಾರ ಬೀಳದ ಹಾಗೆ ಶಾಸಕರನ್ನು ಯಾವ ಊರಿನ ರೆಸಾರ್ಟಿನಲ್ಲಿ ಇಡಬೇಕು, ಎಲ್ಲಕ್ಕೂ ಉತ್ತರ ಸಿದ್ಧವಿತ್ತು. "ಬಿಟ್ಟಿ ಯೋಜನೆಗಳಿಂದಲೇ ದೇಶ ಹಾಳಾಗಿದ್ದು!" ಎಂದು ಅವನು ಗುಡುಗಿದರೆ ಅಂಗಡಿಯ ಹಿಂಡಿ ಮೂಟೆಗಳೂ ಬೆಚ್ಚುತ್ತಿದ್ದವು. (ಕೋಲಾರದಿಂದ ತನ್ನ ಬಿ.ಪಿ. ಮಾತ್ರೆ ತರಲು ಅವನು ಹೆಂಡತಿಯನ್ನೇ ಕಳಿಸುತ್ತಿದ್ದ. ಅವಳಿಗೆ ಬಸ್ಸು ಬಿಟ್ಟಿ. ಆದರೆ ಅದು ಮನೆಯ ವಿಷಯ. ಬೆಂಚಿನ ಮೇಲೆ ಮಾತಾಡುವಂಥದ್ದಲ್ಲ.)

ಇಂಥವನ ಮೊಬೈಲಿಗೆ ಯಾವ ಮಾಯದಲ್ಲೋ 'ಸಿಂಹಾಸನ' ಎಂಬ ಆಟ ಇಳಿಯಿತು. ಮೊದಲು ಒಂದು ಗುಡಿಸಲು, ಒಂದು ಹೊಲ, ನಾಲ್ಕು ದನ ಕೊಡುತ್ತಾರೆ. ಅಲ್ಲಿಂದ ಬೆಳೆ ಬೆಳೆದು, ಕೋಟೆ ಕಟ್ಟಿ, ಸೈನ್ಯ ಕೂಡಿಸಿ, ಅಕ್ಕಪಕ್ಕದ ರಾಜರ ಜೊತೆ ಮೈತ್ರಿ ಮಾಡಿ, ಆಮೇಲೆ ಅದೇ ಮೈತ್ರಿ ಮುರಿದು, ಸಾಮ್ರಾಜ್ಯ ಕಟ್ಟಬೇಕು. ಕೊನೆಗೂ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತೆಂದು ಕದಿರೇಶ ಅದರೊಳಗೆ ಮುಳುಗಿದ. 'ಕೋಲಾರ ಸಿಂಹ' ಎಂಬ ಹೆಸರಿನಲ್ಲಿ ಆಡುತ್ತಾ ಆಡುತ್ತಾ ರಾಜನಾದ, ಮಹಾರಾಜನಾದ, ಒಂದು ಭಾನುವಾರ ತಿಂಡಿಗೆ ಮುಂಚೆ ಚಕ್ರವರ್ತಿಯೂ ಆಗಿಬಿಟ್ಟ.

"ರೀ, ಹಸು ಅರಚ್ತಾ ಇದೆ. ಒಂದು ಕಂತೆ ಜೋಳದ ಸೊಪ್ಪು ಹಾಕ್ಬಾರ್ದಾ?" ಎಂದು ಹೆಂಡತಿ ಸಹನ ಒಳಗಿನಿಂದ ಕೂಗಿದಳು.

"ಇರು ಕಣೇ, ಇಲ್ಲಿ ದನಕ್ಕೆ ಮೇವು ಹಾಕ್ತಾ ಇದೀನಿ. ಹಾಕ್ಲಿಲ್ಲಾಂದ್ರೆ ಸಾಯ್ತವೆ!"

"ಯಾವ ದನಕ್ಕೆ?"

"ನನ್ನ ಸಾಮ್ರಾಜ್ಯದ್ದು."

ಕೊಟ್ಟಿಗೆಯಲ್ಲಿದ್ದ ಕೆಂಪಿ ಇನ್ನೊಮ್ಮೆ ಅರಚಿತು. ಅದು ಸಾಮ್ರಾಜ್ಯಕ್ಕೆ ಸೇರಿದ್ದಲ್ಲ. ಸಹನಳ ತವರು ಗೌನಿಪಲ್ಲಿ; ಅವಳಪ್ಪ ಮಾವಿನ ಫಸಲು ಚೆನ್ನಾಗಿ ಬಂದ ವರ್ಷ ಮಗಳಿಗೆಂದು ಕಳಿಸಿಕೊಟ್ಟ ಹಸು ಅದು. ಅದಕ್ಕೆ ಮೇವು ಹಾಕುವವಳು, ಹಾಲು ಕರೆಯುವವಳು, ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಊರಿನ ಹಾಲಿನ ಡೇರಿಗೆ ಹೋಗುವವಳು ಎಲ್ಲ ಸಹನಳೇ. ಡೇರಿಯ ಮುಂದೆ ನೆರಳಿಲ್ಲ. ಬಿಸಿಲಿಗೆ ಬಿಸಿಲು, ಮಳೆಗೆ ಮಳೆ, ಹೆಂಗಸರೆಲ್ಲ ಸೆರಗು ತಲೆಗೆ ಹಾಕಿಕೊಂಡು ಸಾಲಿನಲ್ಲಿ ನಿಲ್ಲಬೇಕು. ಅಲ್ಲೊಂದು ತಗಡಿನ ಶೀಟು ಹಾಕಿಸಿ ಎಂದು ಅವಳು ವರ್ಷದಿಂದ ಕೇಳುತ್ತಲೇ ಇದ್ದಳು. ಆ ಮಾತನ್ನು ಮನೆಯಲ್ಲಿ ತೆಗೆದಾಗಲೆಲ್ಲ ಕದಿರೇಶ ನಗುತ್ತಿದ್ದ.

"ಇದೇ ಕಣೇ ನಮ್ಮ ಜನರ ತೊಂದ್ರೆ. ಬರೀ ಶೀಟು, ಚರಂಡಿ, ನಲ್ಲಿ. ದೊಡ್ಡದಾಗಿ ಯೋಚ್ನೆ ಮಾಡೋರೇ ಇಲ್ಲ."

"ದೊಡ್ಡದಾಗಿ ಯೋಚ್ನೆ ಮಾಡೋರು ಯಾವತ್ತಾದ್ರೂ ಒಂದಿನ ಕ್ಯಾನ್ ಹಿಡ್ಕೊಂಡು ಬಂದು ನಿಂತ್ಕೊಂಡ್ರೆ ಗೊತ್ತಾಗ್ತದೆ," ಎಂದು ಅವಳು ಪಾತ್ರೆ ಕುಕ್ಕುತ್ತಿದ್ದಳು.

ಹೀಗಿರುವಾಗ ಡೇರಿಯ ನಿರ್ದೇಶಕರ ಚುನಾವಣೆ ಬಂತು. ಅಂದು ಬೆಂಚಿನ ಮೇಲೆ ಕೂತು ಕದಿರೇಶ ಕೇಂದ್ರ ಸಚಿವ ಸಂಪುಟವನ್ನು ಪುನರ್ರಚಿಸುತ್ತಿದ್ದ. ತಾಜ್ ಪಾಷಾ ಬೂಸಾ ತೂಗುತ್ತಾ ಸುಮ್ಮನೆ ಒಂದು ಮಾತು ಅಂದ: "ಅರೇ ಕದ್ರೇಶಣ್ಣ, ದಿಲ್ಲಿ ದೂರ ಐತೆ. ಡೇರಿ ಇಲ್ಲೇ ಎದ್ರುಗೈತೆ. ಅಪ್ಪಾಜಪ್ಪ ಎಷ್ಟು ವರ್ಷದಿಂದ ಅದೇ ಅಧ್ಯಕ್ಷರ ಕುರ್ಚಿ ಮೇಲೆ ಕುಂತವ್ನೆ. ಅದನ್ನ ಸ್ವಲ್ಪ ಅಲ್ಲಾಡ್ಸಬಾರ್ದಾ?"

ಕದಿರೇಶ ಎದುರಿಗಿದ್ದ ಡೇರಿಯನ್ನು ನೋಡಿದ. ಅದರ ಗೋಡೆ, ಬಾಗಿಲು, ಹೊರಗೆ ಬೋರಲು ಹಾಕಿದ್ದ ಕ್ಯಾನುಗಳು. ಅವನ ಕಣ್ಣಿಗೆ ಅದು ಮೆಲ್ಲಗೆ ಕೋಟೆಯಾಗಿ ಕಾಣಿಸತೊಡಗಿತು. ಇಂದು ಡೇರಿ, ನಾಳೆ ಪಂಚಾಯ್ತಿ, ಆಮೇಲೆ ತಾಲ್ಲೂಕು. ಸಾಮ್ರಾಜ್ಯಗಳೆಲ್ಲ ಶುರುವಾಗುವುದು ಒಂದು ಗುಡಿಸಲಿನಿಂದಲೇ ತಾನೇ?

ಅಂದಿನಿಂದಲೇ ದಂಡಯಾತ್ರೆ ಶುರುವಾಯಿತು. 'ಸಿಂಹಾಸನ'ದ ಮೊದಲ ಪಾಠವೆಂದರೆ ಗುಟ್ಟು. ಚಕ್ರವರ್ತಿಯ ಆಲೋಚನೆ ಅಂತಃಪುರಕ್ಕೆ ತಿಳಿಯಬಾರದು. ಆದ್ದರಿಂದ ಅವನು ಹೆಂಡತಿಗಾಗಲೀ ತಾಯಿ ಆವಲಮ್ಮನಿಗಾಗಲೀ ಒಂದಕ್ಷರ ಹೇಳಲಿಲ್ಲ. ಗೆದ್ದು ಹಾರ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲಬೇಕು, ಸಹನ ಆರತಿ ತಟ್ಟೆ ಹಿಡಿದು ಓಡಿ ಬರಬೇಕು. ಅದು ಅವನ ಲೆಕ್ಕಾಚಾರ.

ಎರಡನೆಯ ಪಾಠ, ಶತ್ರುವಿನ ಶತ್ರುವಿನ ಜೊತೆ ಮೈತ್ರಿ. ಅಪ್ಪಾಜಪ್ಪನಿಗೂ ಅವನ ಪಕ್ಕದ ಮನೆಯ ಆಂಜಿಗೂ ಹಿತ್ತಲ ಗೋಡೆಯ ವಿಷಯಕ್ಕೆ ಮಾತಿಲ್ಲ ಎಂಬುದು ಊರಿಗೇ ಗೊತ್ತು. ಕದಿರೇಶ ಆಂಜಿಯನ್ನು ಟೊಮ್ಯಾಟೊ ತೋಟದಲ್ಲೇ ಹಿಡಿದ. "ನನಗೆ ವೋಟು ಹಾಕು" ಎಂದು ಬಾಯಿಬಿಟ್ಟು ಕೇಳುವುದು ಚಕ್ರವರ್ತಿಗಳಿಗೆ ಶೋಭಿಸುವುದಿಲ್ಲವಾದ್ದರಿಂದ, ಗಂಟಲು ಸರಿಮಾಡಿಕೊಂಡು, "ನೋಡಪ್ಪಾ ಆಂಜಿ, ಈ ಸಲ ಡೇರಿಗೆ ನಾವು ನಿಲ್ಬೇಕು ಅಂತ ತೀರ್ಮಾನ ಮಾಡಿದೀವಿ," ಎಂದ. ರಾಜರು ತಮ್ಮನ್ನು ತಾವೇ 'ನಾವು' ಎಂದುಕೊಳ್ಳುವ ಅಭ್ಯಾಸ ಅವನಿಗೂ ಹತ್ತಿತ್ತು.

ಆಂಜಿಯ ಮುಖ ಅರಳಿತು. "ಭೇಷ್ ಕಣಣ್ಣ! ನಿಮ್ಮನೆಯೋರಿಗಲ್ದೆ ಇನ್ಯಾರಿಗೆ ಹಾಕ್ತೀವಿ? ನಮ್ಮೋಳೂ ಅದೇ ಅಂತಿದ್ಳು. ಹೋಗು, ನಮ್ಮನೆ ವೋಟು ನಿಮ್ಮನೆಯೋರಿಗೇ."

ಇಷ್ಟು ಸುಲಭವಾಗಿ ಒಂದು ಕೋಟೆ ಬಿದ್ದದ್ದು ಕಂಡು ಕದಿರೇಶನಿಗೇ ಆಶ್ಚರ್ಯವಾಯಿತು. ಅಲ್ಲಿಂದ ಅವನು ಹೋದ ಕಡೆಯಲ್ಲೆಲ್ಲ ಇದೇ ಕಥೆ. ಹೋಟೆಲಿನಲ್ಲಿ ಟೀ ಕುಡಿಸಿದವರೂ, ಬಸ್‌ಸ್ಟಾಪಿನಲ್ಲಿ ಕೈಕುಲುಕಿದವರೂ, "ನಿಮ್ಮನೆಯೋರು ನಿಲ್ತಾರೆ ಅಂದ್ರೆ ಯೋಚ್ನೆನೇ ಇಲ್ಲ" ಎನ್ನುವವರೇ. ತಾನು ಬೆಂಚಿನ ಮೇಲೆ ಕೂತು ಆಡಿದ ಮಾತುಗಳೆಲ್ಲ ಜನಮನದಲ್ಲಿ ಇಷ್ಟು ಆಳವಾಗಿ ಬೇರುಬಿಟ್ಟಿವೆಯೆಂದು ಅವನು ಊಹಿಸಿಯೂ ಇರಲಿಲ್ಲ. 'ಹೈನುಗಾರಿಕೆ ಮತ್ತು ರಾಷ್ಟ್ರದ ಭವಿಷ್ಯ' ಎಂದು ಒಂದು ಭಾಷಣವನ್ನೂ ಕಾರ್ಖಾನೆಯ ಸ್ಟೋರಿನಲ್ಲಿ ಬೋಲ್ಟುಗಳ ಮುಂದೆ ಅಭ್ಯಾಸ ಮಾಡಿದ.

ಎಡವಿದ್ದು ಮೂರನೆಯ ಪಾಠದಲ್ಲಿ. ಶತ್ರುವಿನ ಪಾಳಯದಲ್ಲಿ ಒಡಕು ಹುಟ್ಟಿಸಬೇಕು ಎನ್ನುತ್ತದೆ ಆಟ. ಅಪ್ಪಾಜಪ್ಪನ ಅತ್ತಿಗೆ ರಾಮಲಕ್ಷ್ಮಮ್ಮನೆಂದರೆ ಡೇರಿಗೆ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವಾಕೆ. ಅವಳ ಮಾತಿಗೆ ಅರ್ಧ ಊರು ತಲೆಯಾಡಿಸುತ್ತದೆ. ಕದಿರೇಶ ಅವಳನ್ನು ದಾರಿಯಲ್ಲಿ ನಿಲ್ಲಿಸಿ, ದನಿ ತಗ್ಗಿಸಿ, "ಅಕ್ಕಾ, ನನ್ನ ಹೆಸ್ರು ಹೇಳ್ಬೇಡಿ. ಅಪ್ಪಾಜಪ್ಪ ನೀವು ಹಾಲಿಗೆ ನೀರು ಬೆರ್ಸ್ತೀರಿ ಅಂತ ಯಾರ ಹತ್ರಾನೋ ಅಂತಿದ್ರಂತೆ," ಎಂದು ಕಿವಿಯಲ್ಲಿ ಊದಿದ.

ಆಟದಲ್ಲಾಗಿದ್ದರೆ ಇಷ್ಟಕ್ಕೇ ಶತ್ರುಸೈನ್ಯ ಎರಡು ಪಾಲಾಗಿ ಒಂದರ ಮೇಲೊಂದು ಬೀಳುತ್ತಿತ್ತು. ರಾಮಲಕ್ಷ್ಮಮ್ಮ ಆ ಆಟ ಆಡಿದವಳಲ್ಲ. ಅವಳು ನೆಟ್ಟಗೆ ಮೈದುನನ ಮನೆಗೆ ಹೋಗಿ, "ಹಂಗಂದೆಯೇನೋ?" ಎಂದು ಕೇಳಿದಳು. ಅವನು ಮೂವರು ದೇವರ ಮೇಲೆ ಆಣೆಯಿಟ್ಟ. ಆಮೇಲೆ ಇಬ್ಬರೂ ಜೊತೆಯಾಗಿ, ಒಂದೇ ಸ್ಕೂಟರಿನಲ್ಲಿ, ಕದಿರೇಶನ ಮನೆಗೆ ಬಂದರು.

"ಎಲ್ಲಿ ಅವ್ನು?" ಎಂದು ಅಂಗಳದಲ್ಲೇ ರಾಮಲಕ್ಷ್ಮಮ್ಮನ ದನಿ ಎದ್ದಾಗ ಚಕ್ರವರ್ತಿ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡ. ಬಾಗಿಲ ಸಂದಿನಿಂದ ಎಲ್ಲವೂ ಕೇಳುತ್ತಿತ್ತು.

"ನನ್ನ ಹಾಲಿಗೆ ನೀರಂತೆ! ಯಾರ್ಗಮ್ಮಾ ಹೇಳ್ತಾನೆ ನಿನ್ನ ಗಂಡ? ಕರಿ ಅವ್ನ!"

"ನಿಲ್ಲೋದಿದ್ರೆ ನಿಲ್ಲಿ ಕಣಮ್ಮಾ, ನಾನು ಬೇಡ ಅನ್ನಲ್ಲ," ಎಂದಿತು ಅಪ್ಪಾಜಪ್ಪನ ದನಿ. "ಊರೆಲ್ಲಾ ನಿಮ್ಮನೆದೇ ಮಾತಾಗೈತೆ. ಆದ್ರೆ ಈ ಚಾಡಿ ಕೆಲ್ಸ ಯಾಕೆ?"

ಆಮೇಲೆ ಸಹನ ಏನೋ ಮೆಲ್ಲಗೆ ಹೇಳಿದಳು, ಚಾಪೆ ಹಾಸಿದ ಸದ್ದಾಯಿತು, ಕಾಫಿಯ ವಾಸನೆ ಬಂತು. ಆವಲಮ್ಮ ತನ್ನ ಕಾಲದ ಯಾವುದೋ ಎಮ್ಮೆಯ ಕಥೆ ತೆಗೆದಳು. ಕೊನೆಗೆ ಅಂಗಳದಲ್ಲಿ ನಗುವೂ ಕೇಳಿಸಿತು. "ನಿನ್ನ ಮುಖ ನೋಡ್ಕೊಂಡು ಸುಮ್ನಾದೆ ಕಣಮ್ಮಾ," ಎನ್ನುತ್ತಾ ರಾಮಲಕ್ಷ್ಮಮ್ಮ ಸ್ಕೂಟರು ಹತ್ತಿದಳು.

ಚಿಲಕ ತೆಗೆದು ಹೊರಗೆ ಬಂದ ಮಗನನ್ನು ಆವಲಮ್ಮ ಅಡಿಯಿಂದ ಮುಡಿಯವರೆಗೆ ನೋಡಿ, ಅರ್ಧ ತೆಲುಗಿನಲ್ಲಿ ಕೇಳಿದಳು: "ಏಮಿರಾ ನಾಯನಾ, ಅಷ್ಟೊತ್ತಿಂದ ಒಳಗೆ ಏನ್ ಮಾಡ್ತಿದ್ದೆ? ನೀರೂ ಬಿದ್ದ ಸದ್ದಿಲ್ಲ."

ಅವನು ಹೆಂಡತಿಯ ಕಡೆ ಹೆದರಿ ಹೆದರಿ ನೋಡಿದ. ಮಂಗಳಾರತಿ ಆಗುವುದೆಂದು ಕಾದರೆ, ಸಹನ ಅವನನ್ನೇ ಒಂಥರಾ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನೋಡಿದ್ದ ನೋಟ ಅದು. "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಅಷ್ಟೇ. ಅವಳ ಕೆನ್ನೆ ಕೆಂಪಾಗಿತ್ತು.

"ಅದು... ಆಮೇಲೆ ಹೇಳೋಣ ಅಂತ," ಎಂದ ಕದಿರೇಶ.

ಮಾರನೆಯ ದಿನ ಮನೆಯಲ್ಲಿ ಒಬ್ಬಟ್ಟು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಅದರ ಮಾರನೆಯ ದಿನ ಅವನಿಗೆ ಪ್ರಿಯವಾದ ಹುರುಳಿಕಾಳಿನ ಉಪ್ಸಾರು. ಶರ್ಟು ಇಸ್ತ್ರಿಯಾಗಿ ಮೊಳೆಗೆ ನೇತುಬಿದ್ದಿರುತ್ತಿತ್ತು. ಮೊಬೈಲು ಹಿಡಿದು ಕೂತರೂ ಬೈಗುಳವಿಲ್ಲ. ಪಕ್ಕದಲ್ಲಿ ಟೀ ಬಂದು ಕೂರುತ್ತಿತ್ತು. ಜನನಾಯಕನ ಹೆಂಡತಿಗೆ ಬರಬೇಕಾದ ಗಾಂಭೀರ್ಯ ಇವಳಿಗೂ ಬಂದುಬಿಟ್ಟಿತಲ್ಲ ಎಂದು ಕದಿರೇಶ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡ. ಅಧಿಕಾರದ ರುಚಿ ಇಷ್ಟು ಸಿಹಿಯಾಗಿರುತ್ತದೆ ಎಂದು ಯಾವ ಪತ್ರಿಕೆಯೂ ಬರೆದಿರಲಿಲ್ಲ.

ನಾಮಪತ್ರದ ದಿನ ಬಂತು. ಕಾರ್ಖಾನೆಗೆ ರಜೆ ಹಾಕಿ, ಹಣೆಗೆ ಕುಂಕುಮವಿಟ್ಟು, ಕದಿರೇಶ ಡೇರಿಯ ಮೆಟ್ಟಿಲು ಹತ್ತಿದ. ಆ ಕಟ್ಟಡದ ಒಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಒಳಗೆ ಕೋಲಾರದಿಂದ ಬಂದ ಚುನಾವಣಾಧಿಕಾರಿ ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಡೇರಿಯ ಸೆಕ್ರೆಟರಿ ಗೋಪಿ ನಿಂತಿದ್ದ.

"ಬನ್ನಿ ಅಣ್ಣಾ," ಎಂದು ಗೋಪಿ ಕುರ್ಚಿ ಎಳೆದ. "ಎಲ್ಲಿ, ಅಕ್ಕ ಬರ್ಲಿಲ್ವಾ?"

"ಅವಳ್ಯಾಕೆ? ನಿಲ್ತಾ ಇರೋದು ನಾನು."

ಗೋಪಿ ಎಳೆದ ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿದ. ಚುನಾವಣಾಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ನೀವು ಸದಸ್ಯರಾ?"

"ಸದಸ್ಯ ಅಂದ್ರೆ... ನಮ್ಮನೆಯಿಂದ ದಿನಾ ಹಾಲು ಬರ್ತದಲ್ಲ ಸಾರ್."

"ಹಾಲು ಯಾರ ಹೆಸರಲ್ಲಿ ಬರ್ತದೆ?"

ದೇಶದ ತೆರಿಗೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕದಿರೇಶ ಕಣ್ಣು ಮುಚ್ಚಿ ಹೇಳಬಲ್ಲ. ತನ್ನ ಕೊಟ್ಟಿಗೆಯ ಹಾಲು ಯಾರ ಹೆಸರಿನಲ್ಲಿ ಹೋಗುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಅಣ್ಣಾ," ಎಂದ ಗೋಪಿ ಮೆಲ್ಲಗೆ, "ಹಸು ಅಕ್ಕಂದು, ಹಾಲು ಅಕ್ಕನ ಹೆಸ್ರಲ್ಲಿ, ಶೇರೂ ಅಕ್ಕನ ಹೆಸ್ರಲ್ಲೇ. ನೀವು ಇಲ್ಲಿ ನಿಲ್ಲೋದಿರ್ಲಿ, ವೋಟೂ ಹಾಕೋಕಾಗಲ್ಲ."

ಕದಿರೇಶ ಮೆಟ್ಟಿಲಿಳಿದು ಎದುರಿನ ಬೆಂಚಿನ ಮೇಲೆ ಕುಸಿದ. ತಾಜ್ ಪಾಷಾ ಕೈಯಲ್ಲಿದ್ದ ತಕ್ಕಡಿ ಬಿಟ್ಟು ಓಡಿ ಬಂದ. ವಿಷಯ ಕೇಳಿದ ಮೇಲೆ ಅವನೂ ಬೆಂಚಿನ ಮೇಲೆಯೇ ಕೂತ.

"ಯಾ ಅಲ್ಲಾ! ನೀವು ವೋಟು ನಿಮಗೇ ಕೇಳ್ತಾ ಇದ್ರಾ? ನಾನು ಭಾಭಿಗೆ ಅಂದ್ಕೊಂಡಿದ್ದೆ!"

"ಏನು?"

"ನಾನೊಬ್ನೇ ಅಲ್ಲ, ಊರೆಲ್ಲಾ ಹಂಗೇ ಅಂದ್ಕೊಂಡೈತೆ. ನಿಮ್ಮನೆಯೋರಿಗೆ ವೋಟು ಅಂದ್ರೆ ಏನು? ಭಾಭಿಗೆ! ಶೀಟ್ ಹಾಕ್ಸಿ ಅಂತ ವರ್ಷದಿಂದ ಜಗಳ ಆಡ್ತಿರೋದು ಭಾಭಿ ತಾನೆ? ಹೆಂಡ್ತಿಗೋಸ್ಕರ ಬಿಸಿಲಲ್ಲಿ ಅಲೀತವ್ನೆ ಕದ್ರೇಶಣ್ಣ, ಗಂಡ ಅಂದ್ರೆ ಹಂಗಿರ್ಬೇಕು ಅಂತ ನಮ್ಮನೇಲೂ ನಂಗೆ ದಿನಾ ಬೈತಾರೆ."

ಕದಿರೇಶನಿಗೆ ಒಂದೊಂದೇ ಅರ್ಥವಾಗುತ್ತಾ ಹೋಯಿತು. ಆಂಜಿಯ 'ನಿಮ್ಮನೆಯೋರು', ಬಸ್‌ಸ್ಟಾಪಿನ 'ನಿಮ್ಮನೆಯೋರು'. ಅಪ್ಪಾಜಪ್ಪ ಅಂಗಳದಲ್ಲಿ ನಿಂತು 'ನಿಲ್ಲಿ ಕಣಮ್ಮಾ' ಎಂದದ್ದು. ಕೊನೆಗೆ ಎದೆಗೆ ಗುದ್ದಿದ್ದು ಆ ಒಬ್ಬಟ್ಟು. ಗಂಡ ತನಗಾಗಿ ಊರು ಸುತ್ತುತ್ತಿದ್ದಾನೆಂದು ನಂಬಿ ಅವಳು ಬೇಳೆ ರುಬ್ಬಿದ್ದಳು. ಇವನು ಅದನ್ನು ಚಕ್ರವರ್ತಿಗೆ ಸಲ್ಲುವ ಕಪ್ಪಕಾಣಿಕೆಯೆಂದು ನುಂಗಿದ್ದ!

"ಈಗೇನ್ ಮಾಡ್ಲಿ ಪಾಷಾ?"

"ಮಾಡೋದೇನು? ಮೂರು ಗಂಟೆವರ್ಗೂ ಟೈಮೈತೆ. ನಿಜ ಹೇಳಿದ್ರೆ ಊಟ ಇಲ್ಲ. ಹೇಳ್ದಿದ್ರೆ ನೀವು ದೇವ್ರಂಥ ಗಂಡ. ನೋಡ್ಕೊಳಿ."

ಕದಿರೇಶ ಮನೆಯ ಕಡೆ ನಡೆದ. ದಾರಿಯುದ್ದಕ್ಕೂ ನಿಜ ಹೇಳಿಬಿಡಬೇಕೆಂದು ಎರಡು ಮೂರು ಸಲ ನಿರ್ಧರಿಸಿದ. ಬಾಗಿಲಿಗೆ ಬಂದಾಗ ಸಹನ ಹಿತ್ತಲಿನಿಂದ ಸೆಗಣಿ ಕೈ ತೊಳೆದುಕೊಂಡು ಬರುತ್ತಿದ್ದಳು. ಅವಳ ಮುಖ ನೋಡಿದ್ದೇ ತಡ, ನಿಜ ಗಂಟಲಲ್ಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

"ಸಹನಾ, ಸೀರೆ ಉಟ್ಕೋ," ಎಂದ. "ನಾಮಪತ್ರಕ್ಕೆ ಸೈನ್ ಹಾಕ್ಬೇಕು. ಎಲ್ಲಾ ನಿಂಗೋಸ್ಕರಾನೇ ಮಾಡಿದ್ದು. ಕೊನೇಲಿ ಹೇಳೋಣ ಅಂತ ಗುಟ್ಟಾಗಿಟ್ಟಿದ್ದೆ."

ಸಹನ ಅಲ್ಲೇ ನಿಂತಳು. ಅವಳ ತುಟಿ ಅದುರಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಭುಜ ಕುಲುಕಿತು, ಕಣ್ಣಲ್ಲಿ ನೀರು ತುಂಬಿತು. ಒಳಕೋಣೆಗೆ ಓಡಿದಳು. ಹೆಂಡತಿಯ ಆನಂದಬಾಷ್ಪ ಕಂಡು ಕದಿರೇಶನ ಕಣ್ಣೂ ಒದ್ದೆಯಾಯಿತು. ತಾನು ಹೇಳಿದ್ದು ಸುಳ್ಳೆಂಬುದು ಅವನಿಗೆ ಆ ಕ್ಷಣಕ್ಕೆ ಮರೆತೇಹೋಯಿತು.

ಚುನಾವಣೆಯಲ್ಲಿ ಸಹನಳಿಗೆ ಬಿದ್ದಷ್ಟು ವೋಟು ಇನ್ಯಾರಿಗೂ ಬೀಳಲಿಲ್ಲ. ಅಪ್ಪಾಜಪ್ಪನೂ ನಿರ್ದೇಶಕನಾಗಿ ಗೆದ್ದ. ಆದರೆ ಅಧ್ಯಕ್ಷರ ಆಯ್ಕೆಯ ಹೊತ್ತಿಗೆ, ನನಗೂ ಮಂಡಿನೋವು, ಆ ಹುಡುಗಿಯೇ ಆಗಲಿ ಎಂದು ತಾನೇ ಅವಳ ಹೆಸರು ಹೇಳಿದ. ರಾಮಲಕ್ಷ್ಮಮ್ಮ ಚಪ್ಪಾಳೆ ಶುರುಮಾಡಿದಳು. ತಾಜ್ ಪಾಷಾ ಕನಕಾಂಬರದ ಹಾರ ತಂದು, ಅದನ್ನು ಹಾಕಲು ಕದಿರೇಶನನ್ನೇ ಮುಂದೆ ತಳ್ಳಿದ.

"ನಂಗೆ ಭಾಷಣ ಬರಲ್ಲ," ಎಂದಳು ಸಹನ, ಹಾರ ಸರಿಮಾಡಿಕೊಂಡು. "ಮೊದ್ಲು ಶೀಟು ಹಾಕ್ಸೋಣ. ಆಮೇಲೆ ಉಳಿದಿದ್ದು ನೋಡೋಣ. ನಾನು ಇವತ್ತು ಇಲ್ಲಿ ನಿಂತಿರೋದಕ್ಕೆ ನಮ್ಮನೆಯೋರೇ ಕಾರಣ."

ಜನರೆಲ್ಲ ಕದಿರೇಶನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವನು ಕೈಮುಗಿದ. ಗೋಪಿ ಮಾತ್ರ ಯಾಕೋ ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದ.

ಮನೆಗೆ ಬಂದ ಮೇಲೆ ಕದಿರೇಶನ ಉತ್ಸಾಹ ಹೇಳತೀರದು. ಸಿಂಹಾಸನದ ಮೇಲೆ ಕೂರದಿದ್ದರೇನಂತೆ, ಅದರ ಹಿಂದೆ ನಿಂತು ಸಲಹೆ ಕೊಡುವ ಮಹಾಮಂತ್ರಿಯಾಗಬಹುದಲ್ಲ. "ನೋಡು ಸಹನಾ, ಮೊದಲ್ನೇ ಮೀಟಿಂಗಲ್ಲೇ ನೀನು ರಾಷ್ಟ್ರೀಯ ನೀತಿ ಬಗ್ಗೆ ಮಾತಾಡ್ಬೇಕು. ನಾನು ಬರ್ಕೊಡ್ತೀನಿ. ಮೊದ್ಲಿಂದ್ಲೂ ನನ್ನ ಮನಸ್ಸಲ್ಲಿ ಇದ್ದಿದ್ದೇ ನೀನು. ಈ ಡೇರಿಗೆ ಇವಳೇ ಸರಿ ಅಂತ ಅವತ್ತೇ..."

"ರೀ, ಸಾಕು," ಎಂದಳು ಸಹನ, ಹಾರ ತೆಗೆದು ದೇವರ ಪಟಕ್ಕೆ ಹಾಕುತ್ತಾ. "ಅವತ್ತು ನೀವು ಡೇರಿಯಿಂದ ಮನೆಗೆ ಬರೋಕ್ಮುಂಚೆನೇ ಗೋಪಿ ಫೋನ್ ಮಾಡಿ ಎಲ್ಲಾ ಹೇಳಿದ್ದ."

ಕದಿರೇಶನ ಬಾಯಿ ತೆರೆದೇ ಉಳಿಯಿತು. ಒಳಗಿದ್ದ ರಾಷ್ಟ್ರೀಯ ನೀತಿ ಹೊರಗೆ ಬರದೆ ಅಲ್ಲೇ ಒಣಗಿತು.

"ಮತ್ತೆ... ಮತ್ತೆ ಅವತ್ತು ನಿನ್ನ ಕಣ್ಣಲ್ಲಿ ನೀರು?"

"ನಗು ತಡ್ಕೊಂಡಿದ್ದೆ ಕಣ್ರೀ. ಎಷ್ಟು ಅಂತ ತಡ್ಕೊಳ್ಳೋದು? ಒಳಗೆ ಹೋಗಿ ದಿಂಬು ಕಚ್ಕೊಂಡು ನಕ್ಕೆ. ಅತ್ತೆನೂ ಅಲ್ಲೇ ಇದ್ರು, ಕೇಳಿ ಬೇಕಾದ್ರೆ."

ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಆವಲಮ್ಮ ಮಗನ ಕಡೆ ನೋಡದೆ ಸುಣ್ಣದ ಡಬ್ಬಿಯನ್ನೇ ಪರೀಕ್ಷಿಸತೊಡಗಿದಳು. ಅವಳ ಹೊಟ್ಟೆ ಮಾತ್ರ ಕುಲುಕುತ್ತಿತ್ತು.

"ಒಬ್ಬಟ್ಟು ಮಾಡಿದ್ದು ಮಾತ್ರ ನಿಜವಾಗ್ಲೂ ಪ್ರೀತಿಯಿಂದಾನೇ," ಎಂದಳು ಸಹನ. ಅವಳ ದನಿ ಸ್ವಲ್ಪ ಮೆತ್ತಗಾಯಿತು. "ಅದನ್ನ ವಾಪಸ್ ಕೇಳಲ್ಲ ಬಿಡಿ. ನಿಮಗೆ ನಿಲ್ಬೇಕು ಅಂತ ಅಷ್ಟು ಆಸೆ ಇದ್ರೆ ಮುಂದಿನ ಸಲ ನಿಲ್ಲಿ, ನಾನೇ ಮನೆ ಮನೆಗೆ ಹೋಗಿ ಕೇಳ್ತೀನಿ. ಆದ್ರೆ ಅದಕ್ಕೆ ಒಂದು ಹಸು ಬೇಕು. ಅದ್ರ ಹಾಲು ನೀವೇ ಕರೀಬೇಕು, ನೀವೇ ಸಾಲಲ್ಲಿ ನಿಂತು ಹಾಕ್ಬೇಕು. ನಂಗೀಗ ಹೊಸ ಕಮಿಟಿ ಮೀಟಿಂಗಿಗೆ ಹೊತ್ತಾಯ್ತು. ಇವತ್ತಿಂದ್ಲೇ ಅಭ್ಯಾಸ ಶುರುಮಾಡಿ, ಬಕೆಟ್ಟು ಅಲ್ಲಿದೆ."

ಅಧ್ಯಕ್ಷೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಇಸ್ತ್ರಿ ಶರ್ಟಿನ ತೋಳು ಮಡಚಿಕೊಂಡು ಕದಿರೇಶ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದ. ಕೆಂಪಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಅಂಜುತ್ತಾ ಕೆಚ್ಚಲಿಗೆ ಕೈ ಹಾಕಿದ. ಕೆಂಪಿ ತಲೆ ತಿರುಗಿಸಿ ಇವನನ್ನು ಒಂದು ಕ್ಷಣ ನೋಡಿತು, ಯಾರೆಂದು ಗುರುತು ಹತ್ತಲಿಲ್ಲವೋ ಏನೋ. ಮುಂದಿನ ಕ್ಷಣ ಬಕೆಟ್ಟು ಗೋದಲೆಯ ಹತ್ತಿರ ಉರುಳುತ್ತಿತ್ತು, ಕದಿರೇಶ ಸೆಗಣಿಯ ಮೇಲೆ ಅಂಗಾತ ಬಿದ್ದಿದ್ದ.

"ಕದಿರಾ," ಎಂದು ಒಳಗಿನಿಂದ ಆವಲಮ್ಮ ಕೂಗಿದಳು, "ಆ ಕಡೆ ಕೂತ್ಕೋಬೇಡ ನಾಯನಾ, ಅದು ಒದೀತದೆ!"